ಶೂನ್ಯಕ್ಕೆ ಎರಡು ರೂಪವುಂಟೇ?



‘ಶೂನ್ಯ’ವೆಂಬ ಪದ ನಮಗೆ ಹೊಸದಲ್ಲ. ಅನುಭಾವದಲ್ಲಿ ಅದು ಬಯಲು. ಗಣಿತದಲ್ಲಿ ಅದೊಂದು ಸಂಖ್ಯೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ, ಶೂನ್ಯಗಳನ್ನು ಕೂಡುವ, ಕಳೆಯುವ ನಿಯಮಗಳನ್ನು ನಿರೂಪಿಸಿದನು. ಸಮಪ್ರಮಾಣದ ಧನ-ಋಣಗಳು ಕೂಡಿದರೆ ಶೂನ್ಯವೆಂಬುದು ಅವುಗಳಲ್ಲೊಂದು. ಸಾಲ ಪೂರ್ಣವಾಗಿ ತೀರಿದಾಗ ಉಳಿಯುವುದೂ ಇದೇ ಶೂನ್ಯ. ಗಣಕಯಂತ್ರವು ಈ ನಿಯಮವನ್ನು ಪಾಲಿಸುವ ಬಗೆಯನ್ನು ವಿದ್ಯಾರ್ಥಿಗಳಿಗೆ ಬೋಧಿಸುವಾಗಲೆಲ್ಲ ನನಗೆ ವಿಸ್ಮಯವೆನಿಸುತ್ತದೆ.

ಗಣಕಕ್ಕೆ 0 ಮತ್ತು 1 ಎಂಬ ಎರಡು ಗುರುತುಗಳ ಹೊರತು ಬೇರೇನೂ ತಿಳಿಯದು. ಋಣವನ್ನು ಸೂಚಿಸುವ ಅಡ್ಡಗೆರೆಯೂ ಅದಕ್ಕಿಲ್ಲ. ಎಂಟು ಬಿಟ್‌ಗಳ ಪಂಕ್ತಿಯಲ್ಲಿ ಎಡತುದಿಯ ಬಿಟ್ಟನ್ನು ಚಿಹ್ನೆಗೆಂದು ಮೀಸಲಿಡುವುದು ಸುಲಭದ ದಾರಿ: ಅಲ್ಲಿ 0 ಇದ್ದರೆ ಧನ, 1 ಇದ್ದರೆ ಋಣ. ಆಗ 00000000 ಶೂನ್ಯ. 10000000 ಕೂಡ ಶೂನ್ಯವೇ, ಆದರೆ ‘ಋಣ ಶೂನ್ಯ’! ಎಲ್ಲ ಬಿಟ್‌ಗಳನ್ನೂ ಅದಲುಬದಲು ಮಾಡಿ ಋಣವನ್ನು ಬರೆಯುವ ಇನ್ನೊಂದು ಕ್ರಮದಲ್ಲಿ 11111111 ಎರಡನೆಯ ಶೂನ್ಯವಾಗುತ್ತದೆ. 1964ರ ಸಿಡಿಸಿ 6600 ಗಣಕವು ಈ ಕ್ರಮವನ್ನೇ ಅನುಸರಿಸಿತ್ತು.

ಒಮ್ಮೆ ರೈತ ಕುಟುಂಬದ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಸಾಲ ಪೂರ್ತಿ ತೀರಿಸಿದ ಮೇಲೂ ಮೈನಸ್ ಗುರುತು ಉಳಿದರೆ, ಅದು ತೀರಿದ ಹಾಗಾ?” ಪ್ರಶ್ನೆ ಮರ್ಮಕ್ಕೇ ತಾಗಿತು. ಬಿಟ್‌ಗಳನ್ನಷ್ಟೇ ಹೋಲಿಸಿ ನೋಡಿದರೆ ಆ ಎರಡು ಶೂನ್ಯಗಳು ಬೇರೆ ಬೇರೆ. ಎರಡೂ ಒಂದೇ ಎಂಬುದನ್ನು ಯಂತ್ರಕ್ಕೆ ಪ್ರತ್ಯೇಕವಾಗಿ ಕಲಿಸಬೇಕು. ಎಲ್ಲಿಯಾದರೂ ಅದು ತಪ್ಪಿದರೆ ಋಣಮುಕ್ತನು ಋಣಿಯಾಗಿಯೇ ಉಳಿದಾನು.

ಇದಕ್ಕೆ ಪರಿಹಾರವೇ ‘ಎರಡರ ಪೂರಕ’ ವಿಧಾನ. 5 ಎಂಬುದು 00000101. ಬಿಟ್‌ಗಳನ್ನು ಅದಲುಬದಲು ಮಾಡಿದರೆ 11111010. ಅದಕ್ಕೆ 1 ಕೂಡಿದರೆ 11111011. ಇದೇ −5. ಈಗ 5 ಮತ್ತು −5ನ್ನು ಕೂಡಿ ನೋಡಿರಿ: ಒಂಬತ್ತನೆಯ ಸ್ಥಾನದಲ್ಲಿ 1 ಬರುತ್ತದೆ, ಎಂಟರ ಪಂಕ್ತಿಯಲ್ಲಿ ಅದಕ್ಕೆ ಎಡೆಯಿಲ್ಲದೆ ಹೊರಬೀಳುತ್ತದೆ, ಉಳಿಯುವುದು 00000000. ಶೂನ್ಯವನ್ನೇ ಈ ಕ್ರಮಕ್ಕೆ ಒಳಪಡಿಸಿದರೂ ದೊರೆಯುವುದು ಅದೇ ಶೂನ್ಯ. ಇಲ್ಲಿ ಋಣವೆಂಬುದು ಹಣೆಗೆ ಹಚ್ಚಿದ ಕಳಂಕವಲ್ಲ. ಶೂನ್ಯವನ್ನು ಮುಟ್ಟಲು ಬೇಕಾದ ಪೂರಕ. ಕೂಡುವ ಮಂಡಲವೊಂದೇ ಕಳೆಯುವ ಕೆಲಸವನ್ನೂ ಮಾಡಬಲ್ಲದು. 1964ರ ಐಬಿಎಂ ಸಿಸ್ಟಮ್/360 ಈ ವಿಧಾನವನ್ನು ಅಳವಡಿಸಿಕೊಂಡಿತು. ಇಂದಿನ ಗಣಕಗಳಲ್ಲಿ ಪೂರ್ಣಾಂಕಗಳಿಗೆ ಇದೇ ರೂಢಿ. ದಶಮಾಂಶ ಸಂಖ್ಯೆಗಳಿಗೆಂದು 1985ರಲ್ಲಿ ರೂಪುಗೊಂಡ ಐಇಇಇ 754 ಮಾನದಂಡದಲ್ಲಿ ಮಾತ್ರ ಋಣ ಶೂನ್ಯವು ಉಳಿದಿದೆ. ಆದರೆ ಹೋಲಿಸುವಾಗ ಎರಡೂ ಸಮವೆಂದೇ ಎಣಿಸಬೇಕೆಂಬುದು ಅಲ್ಲಿನ ಕಟ್ಟಳೆ.

ಈ ವಿಧಾನಕ್ಕೂ ಮಿತಿಯುಂಟು. ಎಂಟು ಬಿಟ್‌ಗಳಲ್ಲಿ −128ರಿಂದ 127ರವರೆಗೆ ಮಾತ್ರ ಎಣಿಸಬಹುದು. 127ಕ್ಕೆ 1 ಕೂಡಿದರೆ ಪಂಕ್ತಿಯು −128 ಆಗುತ್ತದೆ. ಇದು ಬರಿಯ ಕುತೂಹಲದ ವಿಷಯವಲ್ಲ. 1970ರ ಆರಂಭದಿಂದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತ ಬಂದಿರುವ ಹಳೆಯ ವ್ಯವಸ್ಥೆಗಳು ದುರಸ್ತಿಯಾಗದಿದ್ದರೆ, 2038ರ ಜನವರಿ 19ರಂದು ಅವುಗಳ ಎಣಿಕೆ ಋಣಕ್ಕೆ ಜಾರಿ, ದಿನಾಂಕವು 1901ರ ಡಿಸೆಂಬರಿಗೆ ಮರಳೀತು.

ಯಂತ್ರಕ್ಕೆ ಸಾಲವೂ ತಿಳಿಯದು, ಬಿಡುಗಡೆಯೂ ತಿಳಿಯದು. ಯಾವ ಪಂಕ್ತಿಗೆ ಯಾವ ಅರ್ಥವೆಂದು ನಿಶ್ಚಯಿಸಿದವರು ಮನುಷ್ಯರು. ಆದುದರಿಂದ ತೀರಿದ ಋಣವನ್ನು ತೀರಿತೆಂದೇ ಓದುವ ಹೊಣೆಯೂ ಮನುಷ್ಯರದೇ.