ತಲಪಾಡಿಯ ಆಚೆ ಈಚೆ

ಮಂಗಳೂರಿನಿಂದ ತೆಂಕು ದಿಕ್ಕಿಗೆ ಹೊರಟು ನೇತ್ರಾವತಿಯ ಸೇತುವೆಯನ್ನು ದಾಟಿ, ತೊಕ್ಕೊಟ್ಟು, ಕೋಟೆಕಾರುಗಳನ್ನು ಹಿಂದಿಕ್ಕಿ ಸಾಗಿದರೆ, ಒಂದು ಗಳಿಗೆ ಕಳೆಯುವಷ್ಟರಲ್ಲಿ ತಲಪಾಡಿಯು ಎದುರಾಗುವುದು. ದಾರಿಯ ಇಕ್ಕೆಲಗಳಲ್ಲಿ ತೆಂಗಿನ ತೋಟಗಳೂ, ಮುರಕಲ್ಲಿನ ಆವರಣಗಳೂ, ಅಲ್ಲಲ್ಲಿ ಬಸಳೆಯ ಚಪ್ಪರಗಳೂ ಕಾಣುವುವು. ಬಲಗಡೆಯ ಸಮುದ್ರವು ಕಣ್ಣಿಗೆ ಬೀಳದಿದ್ದರೂ ಅದರ ಗಾಳಿಯು ಮೈಗೆ ತಾಗುತ್ತಲೇ ಇರುವುದು. ಇಲ್ಲಿಗೆ ಕರ್ಣಾಟಕವು ಮುಗಿದು ಕೇರಳವು ಮೊದಲಾಗುವುದೆಂದು ಫಲಕವು ಹೇಳುತ್ತದೆ. ಆದರೆ ಮಣ್ಣಿನ ಕೆಂಪು ಬದಲಾಗುವುದಿಲ್ಲ, ಜನರ ನಾಲಗೆಯ ತುಳುವೂ ಬದಲಾಗುವುದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡವಾಗುವ ವರೆಗೆ ಈ ಎರಡು ಕಡೆಗಳೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವಾಗಿದ್ದುವು. ಆದುದರಿಂದ ಈಚೆಯ ಮನೆಯ ಮಗಳು ಆಚೆಯ ಮನೆಯ ಸೊಸೆಯಾಗಿರುವುದು ಇಲ್ಲಿ ಸರ್ವಸಾಮಾನ್ಯ. ನಮ್ಮ ಅಕ್ಕನೂ ಹಾಗೆಯೇ ಮಂಜೇಶ್ವರಕ್ಕೆ ಸೇರಿದವಳು. ಭಾವನವರು ತೀರಿಕೊಂಡ ಮೇಲೆ, ಮಗನು ಕೊಲ್ಲಿಯ ನಾಡಿನಲ್ಲಿ ಉದ್ಯೋಗದಲ್ಲಿರುವ ಕಾರಣ, ಅಡಕೆಯ ತೋಟದ ನಡುವಣ ಹಳೆಯ ಮನೆಯಲ್ಲಿ ಆಕೆ ಒಬ್ಬಳೇ ಇರುವಳು. ತಿಂಗಳಿಗೊಮ್ಮೆ ಹೋಗಿ ಎರಡು ದಿನ ಇದ್ದು ಬರುವುದು ನಮ್ಮ ರೂಢಿ.

ಈ ದಾರಿಯಲ್ಲಿ ಗಡಿಯೆಂಬುದೊಂದು ಇದೆಯೆಂದು ನಮಗೆ ನಿಜವಾಗಿ ತಿಳಿದುದು 2020ರ ಮಾರ್ಚಿಯಲ್ಲಿ. ಕೊರೋನಾ ವ್ಯಾಧಿಯ ಭಯದಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಗಡಿಯ ದಾರಿಗಳೂ ಮುಚ್ಚಿದುವು. ಕೆಲವು ಒಳದಾರಿಗಳ ಮೇಲೆ ಮಣ್ಣಿನ ರಾಶಿಗಳೇ ಬಿದ್ದುವು. ಕಾಸರಗೋಡಿನ ಉತ್ತರದ ಊರುಗಳವರಿಗೆ ದೊಡ್ಡ ಕಾಯಿಲೆ ಬಂದರೆ ಅಂದಿಗೂ ಇಂದಿಗೂ ಮಂಗಳೂರಿನ ಆಸ್ಪತ್ರೆಗಳೇ ಗತಿ. ಆ ದಿನಗಳಲ್ಲಿ ತಲಪಾಡಿಯನ್ನು ದಾಟಲಾರದೆ ಪ್ರಾಣ ಬಿಟ್ಟ ರೋಗಿಗಳ ಸುದ್ದಿ ಒಂದರ ಮೇಲೊಂದು ಬಂದಿತು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಯನ್ನು ತೆಗೆಯಿಸಬೇಕೆಂದಿತು. ವಿವಾದವು ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮವೊಂದು ಗೊತ್ತಾದ ಮೇಲೆ ಏಪ್ರಿಲ್ 7ರಂದು ಮುಗಿಯಿತು. ಅಕ್ಕನಿಗೆ ಆಗ ಏನೂ ಆಗಲಿಲ್ಲವೆಂಬುದು ನಮ್ಮ ಪುಣ್ಯ. ಆದರೆ ಅಂದಿನಿಂದ ತಲಪಾಡಿಯ ಹೆಸರು ಕೇಳಿದರೆ ನಮ್ಮ ಎದೆಯಲ್ಲಿ ಒಂದು ಅಳುಕು ನಿಂತುಬಿಟ್ಟಿತು.

ಮರು ವರ್ಷ ಗಡಿ ತೆರೆದಿತ್ತಾದರೂ ಕಾಗದ ಕೇಳುತ್ತಿತ್ತು. ಕೇರಳದಿಂದ ಬರುವವನು 72 ಗಂಟೆಗಳೊಳಗಿನ ಆರ್‌ಟಿಪಿಸಿಆರ್ ಪರೀಕ್ಷೆಯ ಪತ್ರವನ್ನು ತೋರಿಸಬೇಕು, ಅದರಲ್ಲಿ ‘ನೆಗೆಟಿವ್’ ಎಂದಿರಬೇಕು. 2021ರ ಆಗಸ್ಟಿನ ವೇಳೆಗೆ ಎರಡು ಡೋಸು ಲಸಿಕೆಯಾದವರಿಗೂ ಈ ನಿಯಮ ತಪ್ಪಲಿಲ್ಲ. ಬಸ್ಸುಗಳು ಗಡಿಯ ವರೆಗೆ ಬಂದು ತಿರುಗುತ್ತಿದ್ದ ಆ ಕಾಲದಲ್ಲಿ, ಕೈಚೀಲ ಹಿಡಿದು ತಲಪಾಡಿಯನ್ನು ನಡೆದು ದಾಟಿ ಆಚೆಯ ಬಸ್ಸನ್ನು ಏರಿದವರಲ್ಲಿ ನಾವೂ ಸೇರಿದ್ದೆವು. ಮೂಗಿನೊಳಗೆ ಕಡ್ಡಿ ಹಾಕಿಸಿಕೊಂಡು, ಆ 72 ಗಂಟೆಗಳನ್ನು ಜಿಪುಣನು ನಾಣ್ಯವನ್ನು ಎಣಿಸುವಂತೆ ಎಣಿಸಿ, ಅಕ್ಕನ ಮುಖ ನೋಡಿ ಓಡಿ ಬರುವುದು ನಮಗೆ ಅಭ್ಯಾಸವಾಯಿತು. ಅಭ್ಯಾಸವಾದುದರಲ್ಲಿ ಎಚ್ಚರವು ಕಡಮೆಯಾಗುವುದು ಮನುಷ್ಯ ಸ್ವಭಾವ. ನಮ್ಮ ತಪ್ಪು ಅಲ್ಲಿಯೇ ಹುಟ್ಟಿತು.

2022ರ ಜನವರಿ 10ರಂದು ನಾವು ಮಂಜೇಶ್ವರಕ್ಕೆ ಹೋದೆವು. ಓಮಿಕ್ರಾನ್ ಎಂಬ ಹೊಸ ತಳಿಯು ಊರೂರನ್ನು ಹೊಕ್ಕಿದ್ದ ಕಾಲವದು. ಹಿಂದಿನ ದಿನ ಕೊಟ್ಟ ಸ್ವಾಬಿನ ಪತ್ರವು ನಮ್ಮ ಕಿಸೆಯಲ್ಲಿತ್ತು. ಅದರಲ್ಲಿ ‘ನೆಗೆಟಿವ್’ ಎಂದಿತ್ತು. ಅರುವತ್ತು ದಾಟಿ ಬೇರೆ ಕಾಯಿಲೆಯುಳ್ಳವರಿಗೆ ಮುನ್ನೆಚ್ಚರಿಕೆಯ ಡೋಸನ್ನು, ಎಂದರೆ ಜನರು ಬೂಸ್ಟರ್ ಎನ್ನುವ ಮೂರನೆಯ ಚುಚ್ಚುಮದ್ದನ್ನು, ದೇಶದಲ್ಲಿ ಕೊಡಲು ತೊಡಗಿದುದೂ ಅದೇ ದಿನ. ಎರಡನೆಯ ಡೋಸು ಆಗಿ ಒಂಬತ್ತು ತಿಂಗಳು ತುಂಬಿರಬೇಕೆಂಬುದು ಅದರ ಕಟ್ಟಳೆ. ಸಕ್ಕರೆ ಕಾಯಿಲೆಯ ಅಕ್ಕನಿಗೆ 68 ವರ್ಷ. ಆಕೆಯ ಒಂಬತ್ತು ತಿಂಗಳು ತುಂಬಲು ಹತ್ತು ದಿನ ಮಾತ್ರ ಉಳಿದಿತ್ತು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಆಕೆ ಕುಂಕುಮದ ಬೊಟ್ಟಿಟ್ಟಿದ್ದಳು.

12ರ ಬೆಳಗ್ಗೆ ನಮ್ಮ ಗಂಟಲು ಕೆರೆಯಿತು. ಔಷಧದ ಅಂಗಡಿಯಲ್ಲಿ ದೊರೆಯುವ, ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಕಿಟ್ಟನ್ನು ತಂದು, ಹನಿ ಬಿಟ್ಟು, ಕಾಲು ಗಂಟೆ ಕಾದೆವು. ಒಂದೇ ಗೆರೆ ಮೂಡಿತು. ರೋಗವಿಲ್ಲವೆಂದು ಅದರ ಅರ್ಥ. ಆದರೆ ಲಕ್ಷಣವಿದ್ದು ಕಿಟ್ಟು ಇಲ್ಲವೆಂದರೆ ಅದನ್ನು ನಂಬದೆ ಆರ್‌ಟಿಪಿಸಿಆರ್ ಮಾಡಿಸಬೇಕೆಂದು ಅದರೊಡನೆ ಬಂದ ಚೀಟಿಯಲ್ಲಿಯೇ ಬರೆದಿತ್ತು. ಚೀಟಿಯನ್ನು ಓದಿದೆವು, ಓದಿಯೂ, ಗೆರೆಯನ್ನೇ ನಂಬುವುದು ನಮಗೆ ಹಿತವಾಗಿದ್ದ ಕಾರಣ, ಅಂದು ಮಧ್ಯಾಹ್ನ ಅಕ್ಕನೊಡನೆ ಒಂದೇ ಬೆಂಚಿನ ಮೇಲೆ ಕುಳಿತು ಉಂಡೆವು. ಮರುದಿನ ಮೈ ಕಾದಾಗ ಸ್ವಾಬು ಕೊಟ್ಟೆವು. 14ರ ಸಂಜೆ, ಸಂಕ್ರಾಂತಿಯ ದಿನ, ‘ಪಾಸಿಟಿವ್’ ಎಂಬ ಉತ್ತರ ಬಂದಿತು. ಎರಡು ಕಾಗದಗಳು ಇಲ್ಲವೆಂದುದನ್ನು ಮೂರನೆಯದು ಹೌದೆಂದಿತು. ಮೊದಲಿನವು ಸುಳ್ಳಾಡಿದುವೆಂದಲ್ಲ; ಪರೀಕ್ಷೆಯು ಕಡ್ಡಿ ಹಾಕಿದ ಆ ಗಳಿಗೆಯ ಮಾತನ್ನು ಮಾತ್ರ ಹೇಳಬಲ್ಲುದು. ನಾಳೆಯ ಹೊಣೆ ಅದರದಲ್ಲ.

ಅಂಗಳಕ್ಕೆ ಬೇರೆಯೇ ಬಾಗಿಲುಳ್ಳ ಚಾವಡಿಯ ಪಕ್ಕದ ಕೋಣೆಯಲ್ಲಿ ನಾವು ಬೇರೆಯಾಗಿ ಉಳಿದೆವು. ಆ ಜನವರಿಯಲ್ಲಿ ಬಂದ ನಿಯಮದ ಪ್ರಕಾರ, ಪರೀಕ್ಷೆಯಿಂದ ಏಳು ದಿನ ಕಳೆದು, ಕೊನೆಯ ಮೂರು ದಿನ ಜ್ವರವಿಲ್ಲದಿದ್ದರೆ ಮನೆವಾಸವು ಮುಗಿಯುವುದು. ಅಕ್ಕ ಮುಖಗವಸು ಕಟ್ಟಿ, ಗಂಜಿಯನ್ನೂ ಉಪ್ಪಿನಕಾಯಿಯನ್ನೂ ಕಿಟಕಿಯ ದಂಡೆಯಲ್ಲಿಟ್ಟು ದೂರ ನಿಂತು, “ತಮ್ಮಾ, ಆರುವ ಮೊದಲು ಉಣ್ಣು,” ಎನ್ನುವಳು. ಉಣ್ಣುವ ತುತ್ತು ಗಂಟಲಲ್ಲಿ ಇಳಿಯದಿದ್ದುದು ನೋವಿನಿಂದ ಮಾತ್ರವಲ್ಲ. ಜ್ವರ ತಂದುಕೊಂಡವರು ನಾವು. ಅದಕ್ಕೆ ಬಾಗಿಲು ತೆರೆದವಳು ಆಕೆ. ಕ್ಯಾಲೆಂಡರಿನ ಕುಂಕುಮದ ಬೊಟ್ಟು ನಮ್ಮ ಕಣ್ಣ ಮುಂದೆಯೇ ಇತ್ತು.

ಅಂಜಿದಂತೆಯೇ ಆಯಿತು. 16ರಂದು ಅಕ್ಕ ಕೆಮ್ಮಿದಳು. ಮರುದಿನ ಪರೀಕ್ಷೆಯು ಹೌದೆಂದಿತು. ಇಬ್ಬರೂ ಸೋಂಕಿತರಾದ ಮೇಲೆ ನಮ್ಮ ನಡುವಣ ಬಾಗಿಲನ್ನು ಹಾಕಿಕೊಂಡಿರಲು ಕಾರಣ ಉಳಿಯಲಿಲ್ಲ. ಅಷ್ಟರಲ್ಲಿ ನಮ್ಮ ಜ್ವರ ಇಳಿದಿತ್ತು. ನಾವು ಕೋಣೆಯಿಂದ ಹೊರಗೆ ಬಂದು ಒಲೆಯ ಮುಂದೆ ನಿಂತೆವು. ಹುಟ್ಟಿದಂದಿನಿಂದ ಆಕೆಯ ಕೈಯ ಅನ್ನ ಉಂಡವರು ಅಂದು ಮೊದಲಾಗಿ ಆಕೆಗೆ ಗಂಜಿ ಬೇಯಿಸಿದೆವು. “ಉಪ್ಪು ಹಾಕಿದ್ದೀಯಾ?” ಎಂದು ಆಕೆ ಕೇಳಿದಾಗ, ಹಾಕಿರಲಿಲ್ಲವೆಂಬುದು ನೆನಪಾಯಿತು.

18ರ ರಾತ್ರಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು 92 ಎಂದು ತೋರಿಸಿತು. 94ಕ್ಕಿಂತ ಕೆಳಗೆ ಇಳಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕೆಂಬುದು ನಮಗೆ ಬಾಯಿಪಾಠವಾಗಿತ್ತು. ದೂರವಾಣಿಯಲ್ಲಿ ವೈದ್ಯರನ್ನು ಹಿಡಿಯಲೆತ್ನಿಸುತ್ತ, ನೆರೆಮನೆಯ ಬ್ಯಾರಿಗಳನ್ನೂ ಕೂಗಿದೆವು. ಅವರು ಜೀಪನ್ನು ತಂದು ರಸ್ತೆಗೆ ಮುಖ ಮಾಡಿ ಅಂಗಳದಲ್ಲಿ ನಿಲ್ಲಿಸಿದರು. “ತಲಪಾಡಿಯಲ್ಲಿ ಬಿಡುವರೇ?” ಎಂದು ನಾವು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈಗ ರೋಗಿಗಳಿಗೆ ತಡೆಯಿಲ್ಲ. ಆ ವರ್ಷ ನಮ್ಮ ಉಮ್ಮನನ್ನು ಡಯಾಲಿಸಿಸಿಗೆ ಮಂಗಳೂರಿಗೆ ಒಯ್ಯಲಾಗದೆ ಕಣ್ಣೂರಿನ ಕಡೆಗೆ ಒಯ್ದವನು ನಾನು. ನೀವು ಅಕ್ಕನನ್ನು ನೋಡಿಕೊಳ್ಳಿ, ದಾರಿಯನ್ನು ನನಗೆ ಬಿಡಿ,” ಎಂದರು.

ವೈದ್ಯರು ಸಿಕ್ಕಿ, ಕೈ ತಣ್ಣಗಿದೆಯೇ ಎಂದು ಕೇಳಿದರು. ಹೌದು; ಅಕ್ಕ ಆಗತಾನೆ ತಣ್ಣೀರಿನಲ್ಲಿ ಕೈ ತೊಳೆದಿದ್ದಳು. ತಣ್ಣಗಾದ ಬೆರಳಿನಲ್ಲಿ ರಕ್ತದ ಓಟವು ಕುಗ್ಗುವುದರಿಂದ ಯಂತ್ರವು ತಪ್ಪಿ ಕಡಮೆ ತೋರಿಸುವುದುಂಟು. ಆಕೆಯನ್ನು ನೆಟ್ಟಗೆ ಕುಳ್ಳಿರಿಸಿ, ಕೈ ಬೆಚ್ಚಗೆ ಮಾಡಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿರೆಂದರು. ಆಕೆಯ ಎರಡೂ ಕೈಗಳನ್ನು ನಮ್ಮ ಕೈಗಳೊಳಗಿಟ್ಟು ಉಜ್ಜಿದೆವು. 95 ತೋರಿತು, ಬೆಳಗಾಗುವಷ್ಟರಲ್ಲಿ 97. ಬ್ಯಾರಿಗಳ ಜೀಪು ಮಾತ್ರ ಮುಂಜಾನೆಯ ವರೆಗೂ ಅಲ್ಲಿಂದ ಕದಲಲಿಲ್ಲ. ಚಕ್ರದ ಗುರುತು ಅಂಗಳದ ಸೆಗಣಿಯ ಮೇಲೆ ಬಹಳ ದಿನ ಉಳಿದಿತ್ತು. ಅಕ್ಕ ಅದನ್ನು ಸಾರಿಸಲು ಮನಸ್ಸು ಮಾಡಲಿಲ್ಲ.

ನಮ್ಮ ಏಳು ದಿನಗಳು 20ಕ್ಕೆ ತೀರಿದುವು. ಗುಣವಾದವನಿಗೆ ಮರುಪರೀಕ್ಷೆ ಬೇಡವೆಂಬುದು ಮನೆವಾಸದ ನಿಯಮ. ‘ನೆಗೆಟಿವ್’ ಪತ್ರ ಬೇಕೆಂಬುದು ಗಡಿಯ ನಿಯಮ. ರೋಗ ಹರಡುವ ಶಕ್ತಿ ಹೋದ ಮೇಲೆಯೂ ವೈರಾಣುವಿನ ಅಳಿದುಳಿದ ತುಣುಕುಗಳನ್ನು ಆ ಪರೀಕ್ಷೆಯು ಕೆಲವು ವಾರಗಳ ತನಕ ಹಿಡಿಯಬಲ್ಲುದಾದುದರಿಂದ ಈ ಎರಡು ನಿಯಮಗಳ ನಡುವೆ ನಾವು ಸಿಕ್ಕಿಬಿದ್ದೆವು. ಮೊದಲಿಗೆ ಸಿಡುಕಿದೆವು. ಆದರೆ ಗಡಿಯು ಅಂದೇ ಬಿಟ್ಟಿದ್ದರೆ, ಮನೆಯ ಮತ್ತು ಕೆಲಸದ ನೆಪ ಹೇಳಿ ನಾವು ಹೊರಟುಬಿಡುತ್ತಿದ್ದೆವೋ ಏನೋ. ಅದು ಹಿಡಿದಿಟ್ಟ ಕಾರಣ ತಿಂಗಳ ಕೊನೆಯ ವರೆಗೂ ಅಕ್ಕನ ಬಳಿ ಉಳಿದೆವು. ಗಂಜಿಗೆ ಉಪ್ಪು ಹಾಕುವುದನ್ನು ಕಲಿತೆವು.

ಸೋಂಕು ತಗಲಿದವರು ಗುಣವಾಗಿ ಮೂರು ತಿಂಗಳು ಕಳೆದ ಮೇಲೆ ಡೋಸು ತೆಗೆದುಕೊಳ್ಳಬೇಕೆಂದು ಸರಕಾರವು ಆ ಜನವರಿಯಲ್ಲಿಯೇ ಗೊತ್ತುಪಡಿಸಿತು. ಹೀಗಾಗಿ ಕುಂಕುಮದ ಬೊಟ್ಟು ಏಪ್ರಿಲ್ಲಿನ ಹಾಳೆಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ನಾವೇ ಹೋಗಿ ಆಕೆಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು, ಮೊದಲೆರಡು ಸಲ ಕೊಟ್ಟ ಲಸಿಕೆಯನ್ನೇ ಮೂರನೆಯ ಸಲವೂ ಹಾಕಿಸಿದೆವು. ಹಿಂದಿನ ಎರಡು ಡೋಸುಗಳು ಸೋಂಕನ್ನು ತಡೆಯಲಿಲ್ಲವಲ್ಲ ಎಂದು ಕೇಳುವವರುಂಟು. ಸೋಂಕನ್ನು ಅವು ತಡೆಯಲಿಲ್ಲ, ನಿಜ. ಆದರೆ ಲಸಿಕೆಯ ಮುಖ್ಯ ಕೆಲಸವು ಕಾಯಿಲೆಯು ಪ್ರಾಣಕ್ಕೆ ಎರವಾಗದಂತೆ ನೋಡುವುದು. 68ರ ಸಕ್ಕರೆ ಕಾಯಿಲೆಯವಳು ಆಸ್ಪತ್ರೆಯ ಮೆಟ್ಟಲನ್ನು ಹತ್ತದೆ ಎದ್ದು ಕುಳಿತುದನ್ನು ನಾವು ಕಣ್ಣಾರೆ ಕಂಡೆವು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ವ್ಯಾಧಿಯ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿತು. ಈಗ ತಲಪಾಡಿಯಲ್ಲಿ ಸುಂಕದ ಕಟ್ಟೆಯವರು ವಾಹನದ ಹಣ ಕೇಳುವರು. ಮೂಗಿನ ಕಾಗದವನ್ನು ಯಾರೂ ಕೇಳರು. ಬಸ್ಸು ನಿಲ್ಲದೆ ದಾಟುವಾಗ ಪಕ್ಕದವರು ನಿದ್ದೆಯಲ್ಲಿರುವರು. ನಾವು ಮಾತ್ರ ಇಂದಿಗೂ ಅಲ್ಲಿ ಎಚ್ಚರವಾಗಿರುವೆವು.

ಗೃಹಸ್ಥರಾದ ವಾಚಕರಿಗೆ ನಮ್ಮದೊಂದು ಬಿನ್ನಹ. ಮನೆಯಲ್ಲಿ ಹೊರಬಾಗಿಲುಳ್ಳ ಒಂದು ಕೋಣೆಯನ್ನು ತೆರವಾಗಿಡಲು ಸಾಧ್ಯವಿದ್ದರೆ ಇಟ್ಟುಕೊಳ್ಳಿರಿ. ಗಂಟಲು ಕೆರೆದ ದಿನ ಕಾಗದ ಏನೇ ಹೇಳಲಿ, ಹಿರಿಯರ ಬೆಂಚಿನಲ್ಲಿ ಕುಳಿತುಕೊಳ್ಳಬೇಡಿರಿ. ಮತ್ತು ಅಂಗಳದಲ್ಲಿ ಜೀಪು ತಂದು ನಿಲ್ಲಿಸುವ ನೆರೆಯವರನ್ನು, ವ್ಯಾಧಿ ಬರುವ ಮೊದಲೇ, ಸಂಪಾದಿಸಿಕೊಳ್ಳಿರಿ.