ಬಿಕಾಂ ಡೈರಿ 7: ಅಜ್ಜಿ ಒಬ್ಬಳೇ, ಔಟ್‌ಪುಟ್ ಮೂರು!

ಕಡಿಮೆ ಇನ್‌ಪುಟ್, ಹೆಚ್ಚು ಔಟ್‌ಪುಟ್. ಇದೇ ದಕ್ಷತೆ ಅಂತ ಪರೀಕ್ಷೇಲಿ ಎಲ್ರೂ ಬರೀತೀವಿ. ಆಸ್ಪತ್ರೆಗೆ ಈ ಸೂತ್ರ ಹೊಂದುತ್ತಾ?

ಹೊಂದುತ್ತೆ. ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆ 1976ರಲ್ಲಿ 11 ಹಾಸಿಗೆಯಿಂದ ಶುರುವಾಯ್ತು. ಅಲ್ಲಿ ಒಬ್ಬ ಸರ್ಜನ್‌ಗೆ ಎರಡು ಟೇಬಲ್. ಒಂದರಲ್ಲಿ ಪೊರೆ ಆಪರೇಷನ್ ನಡೀತಿರುವಾಗಲೇ ಇನ್ನೊಂದರಲ್ಲಿ ನರ್ಸ್‌ಗಳು ಮುಂದಿನವರನ್ನ ರೆಡಿ ಮಾಡಿರ್ತಾರೆ. ಉಳಿಯೋದು ಡಾಕ್ಟರ್ ಸುಮ್ನೆ ಕಾಯೋ ಟೈಮು, ರೋಗಿಗೆ ಕೊಡೋ ಟೈಮಲ್ಲ. ಖರ್ಚು ಇಳಿಯುತ್ತೆ; ದುಡ್ಡು ಕೊಡೋರಿಂದ ಬಂದ ಹಣದಲ್ಲಿ ಬಡವರಿಗೂ ಆಪರೇಷನ್ ಆಗುತ್ತೆ.

ನಮ್ಮಜ್ಜಿ ಹೊಟ್ಟೆನೋವು ಅಂತ ಒಂದು ಆಸ್ಪತ್ರೆಗೆ ಮೂರು ಸಲ ಹೋದ್ಲು. ಮೂರು ಸಲಾನೂ ಎರಡೇ ನಿಮಿಷ, ಒಂದು ಚೀಟಿ. ನೋವು ಹಾಗೇ ಇದೆ. ರಿಜಿಸ್ಟರ್‌ನಲ್ಲಿ ಮಾತ್ರ ಮೂರು ಪೇಶೆಂಟ್!

ಅದಕ್ಕೇ ಫ್ರೆಂಡ್ಸ್, ದಕ್ಷತೆ ಲೆಕ್ಕ ಹಾಕೋ ಮುಂಚೆ ಔಟ್‌ಪುಟ್ ಯಾವುದು ಅಂತ ಕೇಳಿ. ಬಂದುಹೋದ ತಲೆಗಳಾ, ವಾಸಿಯಾದ ಜನರಾ?