ಪಂಚಮಿಗೆ ಕರೆಯುವವರು

ನಾನು ಹುಟ್ಟಿದ್ದು ಮೂಡಲಗಿಯಲ್ಲಿ. ಹೆಣ್ಣು ಕೊಟ್ಟವರು ಗೋಕಾಕದವರು. ಅನ್ನ ಕೊಟ್ಟದ್ದು ಹುಕ್ಕೇರಿ ತಾಲ್ಲೂಕಿನ ಒಂದು ಹೈಸ್ಕೂಲು. ಹೀಗಾಗಿ ನಮ್ಮ ಮನೆಯ ಸೂಟಿಗಳೆಲ್ಲ ಈ ಮೂರು ಊರುಗಳ ನಡುವೆಯೇ ಗಿರಕಿ ಹೊಡೆದವು. ಊಟಿ, ಕೊಡೈಕೆನಾಲ್ ಎಂದು ಹೋದವರಲ್ಲ ನಾವು. ಮಾಸ್ತರನ ಸಂಬಳ, ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು. ಆದರೆ ಹೊಳೆ, ಗುಡ್ಡ, ಡ್ಯಾಮು, ಜಾತ್ರೆ ಎಲ್ಲವೂ ಒಂದು ಬುತ್ತಿಗಂಟಿನ ಅಳತೆಯಲ್ಲೇ ಇರುವಾಗ ದೂರ ಹೋಗುವ ದರ್ದೂ ನಮಗೆ ಇರಲಿಲ್ಲ.

ಬಸ್ಸಿಗೆ ಹತ್ತಿದರೆ ಕಂಡಕ್ಟರು ಮೊದಲು ತಲೆ ಎಣಿಸುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. "ನಾಕೂ ನಿಮ್ಮವ ಏನ್ರಿ ಸರ?" ಎಂದು ಕೇಳದವರು ಕಡಿಮೆ. ಆ ದನಿಯಲ್ಲಿ ಅರ್ಧ ಮರುಕ, ಅರ್ಧ ತಮಾಷೆ. 2011ರ ಬೇಸಿಗೆಯಲ್ಲಿ ನಡೆದದ್ದು ಚೆನ್ನಾಗಿ ನೆನಪಿದೆ. ಮೂರನೆಯವಳಿಗೆ ಆಗಷ್ಟೇ ಆರು ತುಂಬಿತ್ತು. ಹಿರಿಯರಿಬ್ಬರಿಗೆ ಹಾಫ್ ಟಿಕೇಟು ತೆಗೆದು ಸುಮ್ಮನೆ ಕಿಡಕಿಯ ಹೊರಗೆ ನೋಡುತ್ತ ಕೂತೆ. ಆಕೆ ನನ್ನ ತೊಡೆಯ ಮೇಲಿಂದ ಎದ್ದು ನಿಂತು, "ಕಂಡಕ್ಟರ್ ಮಾಮಾ, ನನಗ ಆರ ತುಂಬ್ಯಾವ, ನಂದೂ ಟಿಕೇಟ ಕೊಡ್ರಿ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಶಾಲೆಯಲ್ಲಿ ಪ್ರಾಮಾಣಿಕತೆಯ ಪಾಠ ಮಾಡುವ ನಾನು ಜೇಬಿಗೆ ಕೈ ಹಾಕಿದೆ. ಈಗ ಲೆಕ್ಕ ತಿರುಗಿದೆ ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಕೂಡುತ್ತಾರೆ. ದುಡ್ಡು ಕೊಡುವವನು ನಾನೊಬ್ಬನೇ.

ಗೋಕಾಕಕ್ಕೆ ಹೋದಾಗಲೆಲ್ಲ ಫಾಲ್ಸಿಗೆ ಹೋಗುವುದು ಕಡ್ಡಾಯ. ಊರಿನಿಂದ ಆರು ಕಿಲೋಮೀಟರ್. ಘಟಪ್ರಭೆ ಅಲ್ಲಿ ಕುದುರೆ ಲಾಳದ ಆಕಾರದ ಬಂಡೆಯ ಅಂಚಿನಿಂದ 52 ಮೀಟರ್ ಕೆಳಗೆ ಧುಮುಕುತ್ತದೆ. ಶ್ರಾವಣದಲ್ಲಿ ನೋಡಬೇಕು, ನೀರಿನ ಬಣ್ಣ ಚಹಾದ್ದು, ಸದ್ದು ಎದೆಯೊಳಗೆ ಕೇಳಿಸುತ್ತದೆ. ಪಕ್ಕದಲ್ಲೇ ಬ್ರಿಟಿಷರ ಕಾಲದ ಹತ್ತಿಯ ಗಿರಣಿ, ಹೊಳೆಯ ಮೇಲೆ ಸುಮಾರು 200 ಮೀಟರ್ ಉದ್ದದ ತೂಗು ಸೇತುವೆ, ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ. 1887ರಲ್ಲೇ ಇಲ್ಲಿ ನೀರಿನಿಂದ ಕರೆಂಟು ತೆಗೆದರೆಂದು ಪ್ರವಾಸಿ ಪುಸ್ತಕಗಳು ಹೇಳುತ್ತವೆ. ಶಿವನಸಮುದ್ರದ ವಿದ್ಯುದಾಗಾರ ಶುರುವಾದದ್ದು 1902ರಲ್ಲಿ. ಶಾಲೆಯ ಪುಸ್ತಕಗಳಲ್ಲಿ ಶಿವನಸಮುದ್ರಕ್ಕೆ ಸಿಕ್ಕ ಜಾಗ ನಮ್ಮ ಗೋಕಾಕಕ್ಕೆ ಸಿಗಲಿಲ್ಲವೆಂಬ ಸಣ್ಣ ಸಿಟ್ಟು ನನಗೆ ಇದ್ದೇ ಇದೆ.

ವಿಜ್ಞಾನದ ಮಾಸ್ತರನ ಮಕ್ಕಳ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಅವರಿಗೆ ಫಾಲ್ಸ್ ಸುಮ್ಮನೆ ನೋಡುವ ಭಾಗ್ಯವಿಲ್ಲ. "ಮ್ಯಾಲಿಂದ ಬಿದ್ದ ನೀರು ಕೆಳಗ ಮುಟ್ಟಾಕ ಎಷ್ಟ ಸೆಕೆಂಡ್ ಬೇಕು, ಹೇಳ್ರಿ" ಎನ್ನುತ್ತಿದ್ದೆ. ಗಾಳಿಯ ತಡೆಯನ್ನು ಬಿಟ್ಟರೆ ಮೂರೂಕಾಲು ಸೆಕೆಂಡು. ಕೆಳಗೆ ಮುಟ್ಟುವಾಗ ವೇಗ ಗಂಟೆಗೆ ಹತ್ತಿರ ಹತ್ತಿರ 115 ಕಿಲೋಮೀಟರ್. ನಾಲ್ವರೂ ನೀರಿನ ಒಂದೊಂದು ಬಿಳಿ ಜುಟ್ಟು ಹಿಡಿದು, ಅದು ಇಳಿಯುವಾಗ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಅಷ್ಟು ಎತ್ತರದಿಂದ ಬಿದ್ದ ನೀರು ಕೊಂಚ ಬೆಚ್ಚಗೂ ಆಗಬೇಕು. ಗೋಕಾಕದ ಲೆಕ್ಕಕ್ಕೆ ಒಂದು ಡಿಗ್ರಿಯ ಎಂಟನೇ ಒಂದು ಪಾಲು. ಜೂಲ್ ಎಂಬ ವಿಜ್ಞಾನಿ 1847ರಲ್ಲಿ ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಆಲ್ಪ್ಸ್ ಕಡೆ ಹೋದಾಗ ಜಲಪಾತದ ಮೇಲೆ ಕೆಳಗೆ ಥರ್ಮಾಮೀಟರ್ ಹಿಡಿದು ಈ ವ್ಯತ್ಯಾಸ ಅಳೆಯಲು ಹೊರಟಿದ್ದನೆಂಬ ಕತೆ ಇದೆ. ಅದನ್ನು ಹೇಳಿದಾಗ ನನ್ನ ಹೆಂಡತಿ, "ಪಾಪ, ಆ ಹೆಣ್ಣಮಗಳ ಹಣೇಬರಾನೂ ನನ್ನಂಗ ಇತ್ತೇನ್ರಿ" ಎಂದಳು.

ಈ ಪಾಠದ ಚಟ ಒಮ್ಮೆ ನಮಗೆ ಬಹಳ ದುಬಾರಿಯಾಗುವುದಿತ್ತು. ಅದು ಸಂಕ್ರಮಣದ ದಿನ. ನಮ್ಮ ಕಡೆ ಸಂಕ್ರಮಣವೆಂದರೆ ಹೊಳೆಗೆ ಹೋಗಿ ಮಿಂದು, ದಡದಲ್ಲಿ ಕೂತು ಬುತ್ತಿ ಬಿಚ್ಚುವ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಮಾದಲಿ, ಗಟ್ಟಿ ಮೊಸರು. ಜನವರಿಯಲ್ಲಿ ನೀರು ಕಡಿಮೆ. ಫಾಲ್ಸಿನ ಮೇಲಿನ ಬಂಡೆ ಬಯಲಾಗಿ, ನಡುನಡುವೆ ಸಣ್ಣ ಝರಿಗಳು. ಜನ ಆ ಬಂಡೆಯ ಮೇಲೆ ಬಹಳ ಮುಂದಿನವರೆಗೆ ಹೋಗುತ್ತಾರೆ. ನಾನೂ ಹೋದೆ, ಮಕ್ಕಳನ್ನು ಕರೆದುಕೊಂಡು. ನೀರು ಬಂಡೆಯನ್ನು ಹೇಗೆ ಕೊರೆಯುತ್ತದೆ, ಸುಳಿಯಲ್ಲಿ ಸಿಕ್ಕ ಗುಂಡುಕಲ್ಲು ತಿರುಗಿ ತಿರುಗಿ ಕುಣಿ ಹೇಗೆ ಬೀಳುತ್ತದೆ ಎಂದು ಒಂದು ಕುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ವಿವರಿಸುತ್ತಿದ್ದೆ. ಎರಡನೆಯವಳ ಕಾಲು ಪಾಚಿಯ ಮೇಲೆ ಜಾರಿತು. ಝರಿ ಮೊಣಕಾಲುದ್ದವೂ ಇರಲಿಲ್ಲ, ಆದರೆ ಸೆಳವು ಇತ್ತು. ಹುಡುಗಿ ಕೂತ ಭಂಗಿಯಲ್ಲೇ ನಾಲ್ಕೈದು ಮಾರು ಜಾರುತ್ತ ಹೋದಳು. ನಾನು ಏಳುವಷ್ಟರಲ್ಲಿ ನನ್ನ ಹೆಂಡತಿ ಕಂಕುಳಲ್ಲಿದ್ದ ಕಿರಿಯವಳನ್ನು ಹಿರಿಯವಳ ಕೈಗೆ ಕೊಟ್ಟು, ಅಡ್ಡ ಓಡಿ, ಜಡೆ ಹಿಡಿದು ಎಳೆದಿದ್ದಳು. ಅಂಚು ಇನ್ನೂ ದೂರವಿತ್ತು ಎಂದು ಆಮೇಲೆ ನಾನು ಸಮಾಧಾನ ಹೇಳಲು ಹೋದೆ. "ಎಷ್ಟ ದೂರ ಇತ್ತು ಅಂತ ನೀವ ಅಳೀರಿ. ನನಗ ಬ್ಯಾಡ" ಎಂದಳು. ಅಂದು ಬುತ್ತಿ ಬಿಚ್ಚಿದೆವು, ಆದರೆ ಯಾರಿಗೂ ತುತ್ತು ಇಳಿಯಲಿಲ್ಲ. ಇಂದಿಗೂ ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಹುಡುಗರನ್ನು ಕಂಡರೆ ನನಗೆ ಬೈಯಬೇಕೆನಿಸುತ್ತದೆ. ಒಂದೆರಡು ಸಲ ಬೈದೂ ಇದ್ದೇನೆ.

ಬೇಸಿಗೆ ಸೂಟಿಯಲ್ಲಿ ಹುಕ್ಕೇರಿ ಕಡೆಯೇ ತಿರುಗಾಟ. ಹುಕ್ಕೇರಿಯನ್ನು ಹಿಂದೆ ಹೂವಿನಕೇರಿ ಎನ್ನುತ್ತಿದ್ದರು, ವಿಜಾಪುರದ ಆದಿಲಶಾಹಿಗಳಿಗೆ ಇಲ್ಲಿಂದ ಗುಲಾಬಿ ಹೋಗುತ್ತಿತ್ತು ಎಂದು ಊರವರು ಹೇಳುತ್ತಾರೆ. ಹೂವು ಹೋಗಿದ್ದರೂ ಆ ಕಾಲದ ಗುಮ್ಮಟಗಳು ಉಳಿದಿವೆ. ಕಿರಿಯರಿಬ್ಬರಿಗೆ ಅವುಗಳೊಳಗೆ ಕೂಗು ಹಾಕುವುದೇ ಒಂದು ಹಬ್ಬ. ಅವರಿಗೆ ನಾನು ತಪ್ಪದೆ ತೋರಿಸುತ್ತಿದ್ದ ಇನ್ನೊಂದು ಎಂದರೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಕಚೇರಿ. 1969ರಲ್ಲಿ ಹುಟ್ಟಿದ ಸಂಘ. ರೈತರು ತಾವೇ ಸದಸ್ಯರಾಗಿ ಕರೆಂಟು ಹಂಚುವ ಇಂಥ ವ್ಯವಸ್ಥೆ ರಾಜ್ಯದಲ್ಲಿ ಬೇರೆಲ್ಲೂ ಇಲ್ಲ. ಮಕ್ಕಳಿಗೆ ಅದರಲ್ಲಿ ಯಾವ ಆಸಕ್ತಿಯೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆಸಕ್ತಿ ಇದ್ದದ್ದು ಹಿಡಕಲ್ಲಿನಲ್ಲಿ. ರಾಜಾ ಲಖಮಗೌಡ ಜಲಾಶಯ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಅದು ಹಿಡಕಲ್ ಡ್ಯಾಮೇ. 51 ಟಿಎಂಸಿ ನೀರು ಹಿಡಿಯುವ ಆ ಹಿನ್ನೀರಿನಲ್ಲಿ ಹಳೆಯ ಹುನ್ನೂರು ಮುಳುಗಿದೆ. ಊರಿನ ವಿಠ್ಠಲ ಮಂದಿರ ಮಳೆಗಾಲದಿಂದ ಮುಂದೆ ಎಷ್ಟೋ ತಿಂಗಳು ನೀರಿನೊಳಗೇ ಇದ್ದು, ಬೇಸಿಗೆಯಲ್ಲಿ ಮೊದಲು ಶಿಖರ, ಆಮೇಲೆ ಗೋಡೆ, ಕಂಬ ಎಂದು ಮೆಲ್ಲಗೆ ಹೊರಬರುತ್ತದೆ. ಒಂದು ಮೇ ತಿಂಗಳು ನಮ್ಮ ಅವ್ವನನ್ನೂ ಕರೆದುಕೊಂಡು ಹೋಗಿದ್ದೆವು. ಬಿರಿದ ಕೆಸರಿನ ಹೆಂಟೆಗಳ ಮೇಲೆ ನಡೆದು ಒಳಗೆ ಹೋದರೆ ಕಲ್ಲೆಲ್ಲ ತಣ್ಣಗೆ. "ಅಜ್ಜಿ, ಮಳಿಗಾಲದಾಗ ದೇವರು ಎಲ್ಲಿ ಇರ್ತಾನ?" ಎಂದು ಕಿರಿಯವಳು ಕೇಳಿದಳು. "ನೀರಾಗ ಇರ್ತಾನ. ಮೊದಲ ಅವತಾರನ ಮೀನಾ ಅಲ್ಲೇನ?" ಎಂದಳು ಅವ್ವ. ನನ್ನ ಬಳಿ ಇಷ್ಟು ಒಳ್ಳೆಯ ಉತ್ತರ ಇರಲಿಲ್ಲ.

ಅವ್ವನ ವಿಷಯ ಬಂತು. ಮೂಡಲಗಿಯ ಮನೆ ಅವಳದು. ಶಿವಬೋಧರಂಗನ ಮಠದ ಜಾತ್ರೆ, ದನಗಳ ಸಂತೆ, ಆಷಾಢದ ಮಂಗಳವಾರಗಳ ಗುಳ್ಳವ್ವ ಎಲ್ಲದಕ್ಕೂ ಮೊಮ್ಮಕ್ಕಳು ಬೇಕು. ಹೊಳೆಯ ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಕಣ್ಣಿಟ್ಟು, ಕೊನೆಯ ವಾರ ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೋಗುವುದನ್ನು ಅವರಿಗೆ ಕಲಿಸಿದವಳೇ ಅವಳು. ಇಷ್ಟಾದರೂ ಅವಳ ಒಳಗೊಂದು ಕೊರಗು ಇತ್ತು. ಮೂರನೆಯವಳು ಹೊಟ್ಟೆಯಲ್ಲಿದ್ದಾಗ ಕಲ್ಲೋಳಿಯ ಹನುಮಪ್ಪನಿಗೆ ಗಂಡು ಮೊಮ್ಮಗನಿಗಾಗಿ ಹರಕೆ ಹೊತ್ತಿದ್ದಳು. ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ಎಕ್ಸ್, ವೈ ವರ್ಣತಂತುಗಳಿಂದ ಎಂದು ಹತ್ತನೆಯ ತರಗತಿಗೆ ಚಿತ್ರ ಬರೆದು ಕಲಿಸುವ ನಾನು, ಆ ಶನಿವಾರ ಕಾಯಿ ಹಿಡಿದುಕೊಂಡು ಅವಳ ಹಿಂದೆ ಸುಮ್ಮನೆ ನಿಂತಿದ್ದೆ. ಅವ್ವನ ಮನಸ್ಸು ನೋಯಬಾರದೆಂದು ಎನ್ನುತ್ತಿದ್ದೆ. ಅದಷ್ಟೇ ಕಾರಣವಾಗಿರಲಿಲ್ಲ.

ವರ್ಷಗಳ ಮೇಲೆ ಕಲ್ಲೋಳಿಗೆ ಎಲ್ಲರೂ ಹೋದಾಗ ಯಾರೋ ಬಂಧುಗಳು ಆ ಹಳೆಯ ಹರಕೆಯ ಮಾತು ತೆಗೆದರು. ಮೂರನೆಯವಳಿಗೆ ಆಗ ಒಂಬತ್ತು. ಪ್ರಸಾದದ ಎಲೆ ಕೆಳಗಿಟ್ಟು, "ಅಂದ್ರ ಅಜ್ಜಿ ಬೇಡಿಕೊಂಡಿದ್ದು ನಾ ಅಲ್ಲ, ಹೌದಲ್ಲ ಅಪ್ಪಾ?" ಎಂದಳು. ಬಸ್ಸಿನಲ್ಲಿ ಎದ್ದು ನಿಂತು ಟಿಕೇಟು ಕೇಳಿದವಳೂ ಇವಳೇ. ನನಗೆ ಬಾಯಿ ಬರಲಿಲ್ಲ. ಅವ್ವ ಮಾತ್ರ ಸುಳ್ಳು ಹೇಳಲಿಲ್ಲ. "ಹೌದವ್ವ, ನಾ ಬೇಡಿದ್ದ ಬ್ಯಾರೆ. ಅಂವ ನಿನ್ನ ಕೊಟ್ಟ. ನನಗ ಇನ್ನೊಂದ ಚಿಂತಿ ಐತಿ. ನಾಳೆ ನಿಮ್ಮನ್ನ ಪಂಚಮಿಗೆ ಕರಿಯಾಕ ಯಾರ ಬರ್ತಾರ?"

ಬೇರೆ ಸೀಮೆಯ ಓದುಗರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಗೆ ಹೋದವಳನ್ನು ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಕರೆಯಲು ಬರುವವರ ದಾರಿ ನೋಡುತ್ತ ಅವಳು ಬಾಗಿಲಲ್ಲಿ ನಿಲ್ಲುವುದನ್ನು ನಮ್ಮ ಹೆಂಗಸರು ಹಾಡು ಕಟ್ಟಿ ಹಾಡಿದ್ದಾರೆ. ಮನೆ ತುಂಬ ಉಂಡಿ: ಶೇಂಗಾದ್ದು, ಎಳ್ಳಿನದು, ರವೆಯದು, ತಂಬಿಟ್ಟು. ಜೋಳದ ಅರಳು. ಹಿತ್ತಲಲ್ಲಿ ಜೋಕಾಲಿ. ನಮ್ಮ ಬೇವಿನ ಮರದ ಜೋಕಾಲಿಯ ಹಗ್ಗ ನಾಲ್ಕು ಮೀಟರ್. ಒಮ್ಮೆ ಹೋಗಿ ಬರಲು ನಾಲ್ಕು ಸೆಕೆಂಡು. ತೂಗುವವಳು ದಪ್ಪವೋ ತೆಳ್ಳಗೋ, ಮೆಲ್ಲಗೆ ತೂಗಿದರೆ ಅದೇ ನಾಲ್ಕು. ಇದನ್ನು ನಾಲ್ವರನ್ನೂ ಒಬ್ಬೊಬ್ಬರಾಗಿ ಕೂಡಿಸಿ ಗಡಿಯಾರ ಹಿಡಿದು ತೋರಿಸಿದ್ದೇನೆ. ಈ ಪ್ರಯೋಗಕ್ಕೆ ಮಾತ್ರ ಯಾರೂ ಬೇಸರಪಟ್ಟಿಲ್ಲ.

2019ರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಆ ವಾರವೇ ಘಟಪ್ರಭೆ ಊರೊಳಗೆ ನುಗ್ಗಿತು. ಲೋಳಸೂರ ಸೇತುವೆ ಮುಳುಗಿ ಹುಕ್ಕೇರಿ ಕಡೆಯಿಂದ ಗೋಕಾಕಕ್ಕೆ ದಾರಿಯೇ ಇಲ್ಲ. ನನ್ನ ಅತ್ತೆಯ ಓಣಿಯಲ್ಲಿ ಎದೆಮಟ್ಟ ನೀರು. ಅತ್ತೆ ಮಾವ ಉಟ್ಟ ಬಟ್ಟೆಯಲ್ಲಿ ಹೊರಬಿದ್ದು ಪರಿಹಾರ ಕೇಂದ್ರವಾಗಿದ್ದ ಒಂದು ಶಾಲೆಯಲ್ಲಿದ್ದರು. ವರ್ಷವೂ ಕೈತಟ್ಟಿ ನೋಡಿದ ನೀರೇ ಅದು. ನೀರಿಳಿದ ಮೇಲೆ ಹೋಗಿ ಕೆಸರು ಬಳಿದೆವು. ಮಕ್ಕಳಿಗಾಗಿ ಅತ್ತೆ ತೆಗೆದಿರಿಸಿದ್ದ ಗೋಕಾಕದ ಮರದ ಬೊಂಬೆಗಳು, ಜೀನಗಾರರು ಬಣ್ಣ ಹಚ್ಚಿದ ಬಾಳೆಹಣ್ಣು, ಬದನೆಕಾಯಿ, ಸೀತಾಫಲ, ಗಟಾರದ ಬಾಯಲ್ಲಿ ಸಿಕ್ಕಿಕೊಂಡಿದ್ದವು. ಬಣ್ಣ ಹೋಗಿತ್ತು. ಕಿರಿಯವಳು ಅವನ್ನು ತೊಳೆದು ತಂದಿಟ್ಟುಕೊಂಡಿದ್ದಾಳೆ.

2024ರಲ್ಲಿ ಹಿರಿಯವಳ ಮದುವೆಯಾಯಿತು. ಜಮಖಂಡಿ ಕಡೆ ಕೊಟ್ಟಿದ್ದೇವೆ. ಮೊದಲ ಪಂಚಮಿ, ಆಗಸ್ಟ್ 9. ಕರೆಯಲು ನಾನೇ ಹೋಗುವುದೆಂದು ರಜೆ ಬರೆದಿಟ್ಟಿದ್ದೆ. ಅವ್ವ ನನ್ನ ಅಣ್ಣನ ಮಗನನ್ನು ಕಳಿಸೋಣವೆಂದಳು. ಗಂಡು ಹುಡುಗ ಹೋದರೆ ಬೀಗರ ಮುಂದೆ ಚೆಂದ. ಈ ಮಾತು ಒಳಗೆ ನಡೆದಿರುವಾಗಲೇ ಮೂರನೆಯವಳು ಮತ್ತು ಕಿರಿಯವಳು ತಲೆ ಬಾಚಿಕೊಂಡು, ಚೀಲ ಹಿಡಿದು ಪಡಸಾಲೆಗೆ ಬಂದರು. "ಅಕ್ಕನ್ನ ಕರಿಯಾಕ ನಾವ ಹೊಂಟೀವಿ. ಟಿಕೇಟ ಖರ್ಚೂ ಇಲ್ಲ" ಎಂದಳು ಮೂರನೆಯವಳು.

ಅವ್ವ ಸ್ವಲ್ಪ ಹೊತ್ತು ಅವರನ್ನೇ ನೋಡಿದಳು. ಬೀಗರು ಏನಂದಾರು ಎಂದು ಅವಳು ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಒಳಗೆ ಹೋಗಿ ಶೇಂಗಾ ಉಂಡಿಯ ಡಬ್ಬಿ, ಗೋಕಾಕದಿಂದ ತರಿಸಿದ ಕರದಂಟು, ಒಂದು ಜಂಪರ್ ಪೀಸು, ತೆಂಗಿನಕಾಯಿ ತಂದು ಚೀಲದಲ್ಲಿಟ್ಟಳು. ಕರೆಯಲು ಹೋಗುವ ಅಣ್ಣತಮ್ಮಂದಿರ ಕೈಗೆ ಕೊಡುವ ಸಾಮಾನೇ ಅದು. "ಬಸ್ಸಿನ್ಯಾಗ ಚೀಲ ಕಾಲಬುಡಕ ಇಡಬ್ಯಾಡ್ರಿ, ಉಂಡಿ ಒಡಿತಾವ" ಎಂದಳು.

ಮರುದಿನ ಸಂಜೆ ಮೂವರೂ ಬಂದಿಳಿದರು. ಎರಡನೆಯವಳು ಆಗಲೇ ಬೇವಿನ ಮರಕ್ಕೆ ಹಗ್ಗ ಬಿಗಿದು, ಗಂಟು ಗಟ್ಟಿಯಿದೆಯೇ ಎಂದು ಜಗ್ಗಿ ನೋಡುತ್ತಿದ್ದಳು. ನಾನು ಗಡಿಯಾರ ತರಲು ಒಳಗೆ ಹೋದೆ.